ಅತ್ತೆಯ ಎಡ ಅಂಗೈ

ನಮ್ಮ ಅತ್ತೆಯ ಹಟ ಎಂಥದ್ದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಅಫಜಲಪುರ ತಾಲ್ಲೂಕಿನ ಮಣ್ಣೂರಿಗೆ ಬಂದೆ. ಬಂದ ವರ್ಷವೇ ಒಂದು ಬೆಳಿಗ್ಗೆ ಅತ್ತೆ ಭೀಮಾ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಕೊರಳಿನ ಶಿವದಾರ ಹರಿದು, ಲಿಂಗವಿದ್ದ ಬೆಳ್ಳಿಯ ಕರಡಿಗೆ ನೀರಿಗೆ ಬಿತ್ತು. ದೀಕ್ಷೆಯಾದ ದಿನದಿಂದ ಲಿಂಗ ಮೈಯಿಂದ ಬೇರೆಯಾಗಬಾರದು, ಹಾಗೇನಾದರೂ ಆದರೆ ಮತ್ತೆ ಸಿಗುವವರೆಗೆ ಅನ್ನ ನೀರು ಮುಟ್ಟಬಾರದು ಎಂಬುದು ನಮ್ಮ ಮಂದಿಯ ನೇಮ. ಆಳಂದದ ಕಡೆಯ ನನ್ನ ತವರು ಮಾದನಹಿಪ್ಪರಗಾದಲ್ಲೂ ಈ ನೇಮವಿತ್ತು. ಆದರೆ ಅಲ್ಲಿ ಹೊಳೆಯೇ ಇರಲಿಲ್ಲವಾದ್ದರಿಂದ ಯಾರೂ ಇಂಥ ಪರೀಕ್ಷೆಗೆ ಸಿಕ್ಕಿರಲಿಲ್ಲ.

ಅತ್ತೆ ದಂಡೆಗೆ ಬರಲಿಲ್ಲ. ಸೊಂಟದವರೆಗಿನ ನೀರಿನಲ್ಲಿ ನಿಂತೇಬಿಟ್ಟರು. ನಾನು ಮೇಲಿನಿಂದ, "ಅತ್ತೀ, ಹೊರಗ ಬರ್ರಿ, ಥಂಡಿ ಹತ್ತತದ" ಎಂದು ಕೂಗಿದೆ.

"ನೀ ಮನಿಗಿ ಹೋಗಿ ರೊಟ್ಟಿ ಬಡಿ. ನನಗ ಬ್ಯಾಡ, ಉಳಿದೋರಿಗಿ ಹಸಿವಿ ಇರ್ತದಲ್ಲ" ಎಂದರು.

ಅಂಬಿಗರು ಮುಳುಗಿ ಮುಳುಗಿ ಹುಡುಕಿದರು. ಹೊತ್ತು ಇಳಿದ ಮೇಲೆ ಉಸುಕಿನಲ್ಲಿ ಕರಡಿಗೆ ಸಿಕ್ಕಿತು. ಅಲ್ಲಿಯವರೆಗೆ ಅತ್ತೆ ಒಂದು ಹೆಜ್ಜೆ ಆಚೆ ಈಚೆ ಸರಿಯಲಿಲ್ಲ. ಕಾಲಿಟ್ಟ ಜಾಗ ಬಿಟ್ಟರೆ ಎಲ್ಲಿ ಬಿತ್ತೆಂಬುದು ತಿಳಿಯುವುದಿಲ್ಲ ಎಂದು ಅವರ ಲೆಕ್ಕ. ಆ ದಿನ ನನಗೆ ಇವರೊಂದಿಗೆ ಬಾಳುವುದು ಹೇಗಪ್ಪಾ ಅನ್ನಿಸಿದ್ದು ನಿಜ.

ಬಾಳಿದೆ. ನಾನು ಊರ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಅವರು ಹೊಲಮನೆ ನೋಡುತ್ತಿದ್ದರು. ನನ್ನ ಮೇಲೆ ಸಿಟ್ಟು ಬಂದಾಗ ಮಾತ್ರ 'ಟೀಚರ್ ಬಾಯಿ' ಎಂದು ಕರೆಯುತ್ತಿದ್ದರು. ವಾರಕ್ಕೆ ನಾಲ್ಕು ದಿನವಾದರೂ ನಾನು ಟೀಚರ್ ಬಾಯಿಯಾಗಿರುತ್ತಿದ್ದೆ. ನನ್ನದೂ ಬಾಯಿ ಕಡಿಮೆಯದಲ್ಲ. ಅಡುಗೆಮನೆಯಲ್ಲಿ ನಮ್ಮಿಬ್ಬರ ಮಾತು ಜೋರಾದರೆ ನಮ್ಮವರು ಚಪ್ಪಲಿ ಮೆಟ್ಟಿಕೊಂಡು ಮೆಲ್ಲಗೆ ಹೊಲದ ದಾರಿ ಹಿಡಿಯುತ್ತಿದ್ದರು.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅತ್ತೆಗೆ ಏದುಸಿರು ಹತ್ತಿತು. ಮೊದಲು ಹೊಳೆಯ ದಂಡೆ ಏರುವಾಗ, ಆಮೇಲೆ ಪಡಸಾಲೆಯ ಮೆಟ್ಟಿಲು ಏರುವಾಗ, ಕೊನೆಗೆ ಸುಮ್ಮನೆ ಕೂತಾಗಲೂ. "ವಯಸ್ಸಾತು, ಉಸಿರಿಗೂ ಬ್ಯಾಸರಾಗ್ಯದ" ಎಂದು ತೇಲಿಸುತ್ತಿದ್ದರು. ಒಂದು ಬೆಳಿಗ್ಗೆ ಕೆಮ್ಮಿದಾಗ ಸೆರಗಿಗೆ ರಕ್ತ ಹತ್ತಿತು. ಸೆರಗನ್ನು ಮಡಿಚಿ ಒಳಗೆ ಸೇರಿಸಿದ್ದನ್ನು ನಾನು ಕಂಡುಬಿಟ್ಟೆ. ಆವತ್ತೇ ಬಸ್ಸು ಹತ್ತಿಸಿದೆ.

ಅಫಜಲಪುರದ ಡಾಕ್ಟರು ಎದೆಗೆ ನಳಿಗೆಯಿಟ್ಟು ಬಹಳ ಹೊತ್ತು ಕೇಳಿದರು. ಚಿಕ್ಕಂದಿನಲ್ಲಿ ಕೀಲು ಬಾತು ಜ್ವರ ಬಂದಿತ್ತೇ ಎಂದು ವಿಚಾರಿಸಿದರು. ಬಂದಿತ್ತಂತೆ, ಜೇವರ್ಗಿಯ ತವರಿನಲ್ಲಿ, ಅತ್ತೆಗೆ ಎಂಟೋ ಒಂಬತ್ತೋ ಇದ್ದಾಗ. ಆ ಜ್ವರ ಹೋಗುವಾಗ ಗುಂಡಿಗೆಯ ಒಂದು ಕವಾಟವನ್ನು ಕೆಡಿಸಿ ಹೋಗಿತ್ತು. ತೆರೆಯಬೇಕಾದ ಬಾಗಿಲು ಬಿಗಿದುಕೊಂಡು ಸಂದಿಯಷ್ಟೇ ಉಳಿದಿತ್ತು. ಇಷ್ಟು ವರ್ಷ ಆ ಸಂದಿಯಲ್ಲೇ ರಕ್ತ ನುಸುಳಿಸಿಕೊಂಡು ಈ ಹೆಂಗಸು ಹೊಲದ ಕಳೆ ತೆಗೆದಿದ್ದಳು, ಮಕ್ಕಳನ್ನು ಹೆತ್ತಿದ್ದಳು, ಹೊಳೆಯಲ್ಲಿ ಅರ್ಧ ದಿನ ನಿಂತಿದ್ದಳು. ನನಗೆ ತಲೆ ತಗ್ಗಿಸುವಂತಾಯಿತು. ಅವರು ದಣಿದು ಕೂತದ್ದನ್ನು ಸೋಮಾರಿತನವೆಂದು ನಾನು ಎಷ್ಟೋ ಸಲ ಗೊಣಗಿದ್ದೆ.

ಗುಲಬರ್ಗಾದಲ್ಲಿ ಎದೆಯ ಎಕ್ಸ್‌ರೇ ಫೋಟೋ ತೆಗೆದಾಗ ಎರಡನೆಯ ರೋಗ ಹೊರಬಿತ್ತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ನಿಂಬೆಕಾಯಿಯಷ್ಟು ಗಂಟು. ಎದೆಯ ಡಾಕ್ಟರು, ಗಂಟು ತೆಗೆಯಬೇಕು, ಆದರೆ ಈ ಗುಂಡಿಗೆ ಇಟ್ಟುಕೊಂಡು ಮತ್ತಿನ ಮದ್ದು ಕೊಟ್ಟರೆ ಏಳುವುದಿಲ್ಲ ಎಂದರು. ಗುಂಡಿಗೆಯ ಡಾಕ್ಟರು, ಮೊದಲು ಕವಾಟ ಬದಲಿಸೋಣ, ಆದರೆ ಮೈ ಸುಧಾರಿಸಿ ಮತ್ತೊಮ್ಮೆ ಎದೆ ತೆರೆಯುವಷ್ಟರಲ್ಲಿ ಗಂಟು ಎಲ್ಲಿಗೆ ಹೋಗಿರುತ್ತದೋ ಎಂದರು. ಇವರು ಅವರ ಕಡೆ ಕೈ ತೋರಿಸಿದರು, ಅವರು ಇವರ ಕಡೆ. ಹದಿನೈದು ದಿನ ನಾವು ಎರಡು ಆಸ್ಪತ್ರೆಗಳ ನಡುವೆ ಫೋಟೋದ ಕಂದು ಲಕೋಟೆ ಹಿಡಿದು ಅಲೆದೆವು. ಕೊನೆಗೆ ಒಬ್ಬರು, ಹೈದರಾಬಾದಿನಲ್ಲಿ ಎರಡನ್ನೂ ಒಂದೇ ಸಲ ಮಾಡುವ ಧೈರ್ಯ ಇರುವ ಸರ್ಜನ್ ಇದ್ದಾರೆ, ಕೇಳಿ ನೋಡಿ ಎಂದು ಚೀಟಿ ಬರೆದುಕೊಟ್ಟರು.

ಆ ಸರ್ಜನ್ ನೋಡಲು ನಮ್ಮೂರ ಪೋಸ್ಟ್‌ಮಾಸ್ತರರ ಹಾಗೆ ಇದ್ದರು. ಸಣ್ಣ ಮೈ, ದಪ್ಪ ಕನ್ನಡಕ, ಮೆಲ್ಲನೆಯ ಮಾತು. ಹೈದರಾಬಾದಿನ ಉರ್ದು ಬಿಟ್ಟರೆ ಇಂಗ್ಲಿಷ್. ನನಗೆ ಎರಡೂ ಅಷ್ಟಕ್ಕಷ್ಟೇ. ಅತ್ತೆ ನಿಜಾಮನ ಕಾಲದಲ್ಲಿ ಜೇವರ್ಗಿಯಲ್ಲಿ ಬೆಳೆದವರು, ನೆರೆಮನೆಯವರೆಲ್ಲ ಮುಸಲ್ಮಾನರು, ಉರ್ದು ನೀರು ಕುಡಿದಷ್ಟು ಸಲೀಸು. ಹೀಗಾಗಿ ಡಾಕ್ಟರು ನಮ್ಮನ್ನು ಬಿಟ್ಟು ರೋಗಿಯ ಜೊತೆಗೇ ಮಾತಿಗೆ ಕೂತರು.

"ಅಮ್ಮಾ, ದಿಲ್ ಭೀ, ಫೇಫ್ಡಾ ಭೀ, ಏಕಿಚ್ ಬಾರ್" ಎಂದರು.

ಗುಂಡಿಗೆಯೂ ಶ್ವಾಸಕೋಶವೂ ಒಂದೇ ಸಲಕ್ಕೆ. ಅವರು ಹೇಳಿದ್ದನ್ನು ಅತ್ತೆ ನಮಗೆ ಕನ್ನಡದಲ್ಲಿ ತಿರುಗಿಸಿ ಹೇಳಿದರು, ಯಾರದೋ ಮೈಯ ಸುದ್ದಿ ಹೇಳುವ ಹಾಗೆ. "ಎದಿ ನಡುವ ಸೀಳ್ತಾರಂತ. ಗುಂಡಿಗಿ ನಿಲ್ಲಸ್ತಾರಂತ. ರಕ್ತ ಎಲ್ಲಾ ಮಶೀನದಾಗ ಹಾದು ಮತ್ತ ಮೈಯಾಗ ಬರ್ತದಂತ. ಆ ಹೊತ್ತಿನಾಗ ಹಳೇ ಬಾಗಲ ಕಿತ್ತಿ ಹೊಸಾದು ಕೂಡಸ್ತಾರ, ಲೋಹದ್ದು. ಆಮ್ಯಾಲ ಗುಂಡಿಗಿ ಚಾಲೂ ಮಾಡಿ, ಅದೇ ಸೀಳಿನಾಗ ಕೈ ಹಾಕಿ ಗಂಟು ತಗೀತಾರ."

"ಗುಂಡಿಗಿ ನಿಲ್ಲಸ್ತಾರ?" ಎಂದು ನಮ್ಮವರು ಕುರ್ಚಿಯ ತುದಿಗೆ ಬಂದರು.

"ಹೂಂ. ನಿಲ್ಲಿಸಿದ ಮ್ಯಾಲ ಚಾಲೂ ಮಾಡಾಕೂ ಬರ್ತದಂತ. ಕೇಳೀನಿ ನಾ" ಎಂದರು ಅತ್ತೆ.

ಅಪಾಯವನ್ನೂ ಆ ಡಾಕ್ಟರು ಮುಚ್ಚಿಡಲಿಲ್ಲ. ಯಂತ್ರದಲ್ಲಿ ಓಡಾಡಲು ರಕ್ತವನ್ನು ತೆಳುಮಾಡಬೇಕು, ತೆಳುವಾದ ರಕ್ತದಲ್ಲಿ ಶ್ವಾಸಕೋಶ ಕೊಯ್ದರೆ ಸೋರುವುದು ನಿಲ್ಲದೆ ಹೋಗಬಹುದು. ಅದಕ್ಕೇ ಮೊದಲು ಕವಾಟ, ಆಮೇಲೆ ರಕ್ತವನ್ನು ಮೊದಲಿನ ಹದಕ್ಕೆ ತಂದು ಗಂಟು. ಇಬ್ಬರು ಸರ್ಜನ್‌ಗಳು, ಒಂದೇ ಮೇಜು. ನಾನು ನಾಲ್ಕನೆಯ ತರಗತಿಗೆ, ಹೃದಯವು ಹುಟ್ಟಿನಿಂದ ಸಾಯುವವರೆಗೆ ಒಂದು ಕ್ಷಣವೂ ನಿಲ್ಲುವುದಿಲ್ಲ ಎಂದು ಹತ್ತು ವರ್ಷದಿಂದ ಪಾಠ ಹೇಳಿದವಳು. ಆ ಡಾಕ್ಟರ ಮೇಜಿನ ಮುಂದೆ ಪಾಟಿ ಮರೆತು ಬಂದ ಹುಡುಗಿಯಂತೆ ಕೂತಿದ್ದೆ.

ದಿನ ಗೊತ್ತಾಯಿತು. ಅದಕ್ಕೆ ಎರಡು ದಿನ ಮುಂಚೆ ಆಪರೇಶನ್ ಕೋಣೆಯ ಸಿಸ್ಟರ್ ಬಂದು, ಮೈಮೇಲೆ ಬಳೆ, ಮೂಗುತಿ, ಕೊರಳಿನದು, ಒಂದೂ ಇರಬಾರದು ಎಂದರು. ವಯಸ್ಸಾದ ಮುಸಲ್ಮಾನ ಹೆಂಗಸು, ಬಾಯಿತುಂಬ ನಗು. ಅತ್ತೆ ಬಳೆ ಇಳಿಸಿದರು. ಮೂಗುತಿ ಬಿಚ್ಚಿದರು. ಕೊರಳಿಗೆ ಕೈ ಹೋಗಲಿಲ್ಲ.

"ಇದು ತಗಿಯಂಗಿಲ್ಲ" ಎಂದರು.

ಸಿಸ್ಟರ್ ತಾಳ್ಮೆಯಿಂದ ವಿವರಿಸಿದರು. ಕೊಯ್ಯುವ ಜಾಗವೇ ಅದು. ಕರಡಿಗೆ ತೂಗುತ್ತಿದ್ದದ್ದು ಸರಿಯಾಗಿ ಎದೆಯ ನಡುವೆ, ಎಲ್ಲಿ ಸೀಳಬೇಕೋ ಅಲ್ಲೇ. ಮೇಲಾಗಿ ಬೆಳ್ಳಿ. ರಕ್ತ ಕಟ್ಟಿಸಲು ಕರೆಂಟಿನ ಸಲಾಕೆ ಬಳಸುವಾಗ ಲೋಹ ಮೈಗೆ ಹತ್ತಿದ್ದರೆ ಸುಟ್ಟೀತು. ಅತ್ತೆ ಎಲ್ಲ ಕೇಳಿಸಿಕೊಂಡರು, ತಲೆಯಾಡಿಸಿದರು, ಆಮೇಲೆ ಮಂಚದಿಂದಿಳಿದು ಸೀರೆ ಮಡಿಚಿ ಚೀಲಕ್ಕೆ ತುಂಬತೊಡಗಿದರು.

"ಎಲ್ಲಿಗ್ರಿ?" ಎಂದೆ.

"ಊರಿಗಿ. ಇವರ ಕೆಲಸ ಇವರಿಗಿ, ನನ್ನ ನೇಮ ನನಗ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ವಾರ್ಡಿನಲ್ಲಿ ಹತ್ತು ಮಂದಿ ನೋಡುತ್ತಿದ್ದಾರೆ ಎಂಬ ಖಬರೂ ಇಲ್ಲದೆ ಒದರಿದೆ. "ಇಷ್ಟು ದೊಡ್ಡ ಡಾಕ್ಟರು ನಿಮಗಾಗಿ ಗುಂಡಿಗಿ ನಿಲ್ಲಿಸಿ ಚಾಲೂ ಮಾಡ್ತೀನಿ ಅಂತಾರ. ನೀವು ಒಂದು ದಾರ ಬಿಚ್ಚಾಕ ಒಲ್ಲೆ ಅಂತೀರಿ. ನಿಮ್ಮ ಹಟಕ್ಕ ನಿಮ್ಮ ಮಗ ತಬ್ಬಲಿ ಆಗಬೇಕೇನ್ರಿ?"

ಅವರು ಚೀಲದ ಬಾಯಿ ಕಟ್ಟುತ್ತಲೇ ಹೇಳಿದರು: "ಟೀಚರ್ ಬಾಯಿ, ಗುಂಡಿಗಿ ನಿಂತಾಗ ನಾ ಎಲ್ಲಿರ್ತೇನಿ, ಹೇಳು. ಅವರಿಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಅಂಥಾ ಹೊತ್ತಿನಾಗೇ ಇದನ್ನ ಬಿಟ್ಟು ಹೋಗು ಅಂತೀಯಲ್ಲ."

ಅವರಿಗೆ ಅಂಜಿಕೆಯಾಗಿದೆ ಎಂದು ಆಗಲೇ ನನಗೆ ತಿಳಿದದ್ದು. ಅವರನ್ನು ಅಂಜಿದ್ದು ನಾನು ಅದಕ್ಕೆ ಮೊದಲು ನೋಡಿಯೇ ಇರಲಿಲ್ಲ. ಕೈಹಿಡಿದು, ನಾಳೆ ಬೆಳಗಿನವರೆಗೆ ತಡೆಯಿರಿ ಎಂದು ಬೇಡಿಕೊಂಡೆ.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಮಂಚದ ಮೇಲೆ ಪೂಜೆಗೆ ಕೂತರು. ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕಣ್ಣೆತ್ತರಕ್ಕೆ ಹಿಡಿದರು. ಹದಿಮೂರು ವರ್ಷದಿಂದ ನಾನು ದಿನಾ ನೋಡುತ್ತಿದ್ದ ನೋಟ. ನಾನೂ ದಿನಾ ಮಾಡುತ್ತಿದ್ದ ಕೆಲಸ. ಅಷ್ಟು ಹೊತ್ತಿಗೆ ಸರ್ಜನ್ ರೌಂಡಿಗೆ ಬಂದರು. ಬಾಗಿಲಲ್ಲೇ ನಿಂತು, ಹಿಂದಿದ್ದವರಿಗೂ ಸುಮ್ಮನಿರಲು ಸನ್ನೆ ಮಾಡಿ, ಪೂಜೆ ಮುಗಿಯುವವರೆಗೆ ಕಾದರು. ಅವರ ಕಣ್ಣು ಅತ್ತೆಯ ಅಂಗೈ ಮೇಲಿತ್ತು, ನನ್ನದೂ ಅಲ್ಲೇ ಇತ್ತು. ಎದೆ ಲಿಂಗ ತೂಗುವ ಜಾಗ ಅಷ್ಟೇ, ಅದರ ಖರೇ ಜಾಗ ಅಂಗೈಯಲ್ಲವೇ ಎಂದು ನನಗೆ ಹೊಳೆದದ್ದು ಆಗ.

ನನ್ನ ಹರಕುಮುರುಕು ಉರ್ದುವಿನಲ್ಲಿ ಕೇಳಿದೆ: ಕರಡಿಗೆ ಬಿಚ್ಚಿಡುತ್ತೇವೆ, ಬರೀ ಲಿಂಗವನ್ನು ಎಡಗೈಯಲ್ಲಿಟ್ಟು ಮುಷ್ಟಿ ಕಟ್ಟಿದರೆ ನಡೆದೀತೇ?

ಸರ್ಜನ್ ಕನ್ನಡಕ ತೆಗೆದು ಒರೆಸಿಕೊಂಡರು. ಎಡ ಮಣಿಕಟ್ಟಿಗೆ ಹಾಕಬೇಕಿದ್ದ ಸೂಜಿಯನ್ನು ಬಲಕ್ಕೆ ಹಾಕಬಹುದು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಲಿಂಗ ಕಲ್ಲಿನದು, ಅದರಿಂದ ಸುಡುವ ಭಯವಿಲ್ಲ. ಸಿಸ್ಟರ್ ಅದನ್ನು ಕತ್ತರಿ ಚಿಮುಟಗಳ ಜೊತೆ ಉಗಿಯಲ್ಲಿ ಬೇಯಿಸಿ ಕೊಡುತ್ತೇನೆ ಎಂದಾಗ ಅತ್ತೆ ಹೌಹಾರಿದರು. ಲಿಂಗದ ಮೇಲೆ ಬಳಿದ ಕಂತಿಯ ಕರಿಯ ಲೇಪ ಶಾಖಕ್ಕೆ ಕರಗಿಹೋಗುತ್ತದೆ. ಕೊನೆಗೆ ಆ ಸಿಸ್ಟರೇ ದಾರಿ ಕಂಡುಹಿಡಿದರು: ಡಾಕ್ಟರು ಕೈಗೆ ಹಾಕುವ ಹೊಸ ರಬ್ಬರ್ ಕೈಗವಸಿನ ಬೆರಳೊಳಗೆ ಲಿಂಗ ಇಟ್ಟು, ಬಾಯಿ ಗಂಟು ಹಾಕಿ, ಅಂಗೈಗೆ ಪಟ್ಟಿ ಸುತ್ತುವುದು.

"ನಕ್ಕೋ ಡರೋ ಅಮ್ಮಾ, ಮೈ ಬಾಂದ್ತೂಂ" ಎಂದರು. ಹೆದರಬೇಡಿ, ನಾನೇ ಕಟ್ಟುತ್ತೇನೆ ಎಂದು.

ನನಗೆ ನನ್ನ ಜಾಣತನದ ಮೇಲೆ ಹೆಮ್ಮೆಯೋ ಹೆಮ್ಮೆ. ಅದು ಮಧ್ಯಾಹ್ನದವರೆಗೆ ಮಾತ್ರ ಉಳಿಯಿತು. ಅತ್ತೆಯ ತಮ್ಮ, ಜೇವರ್ಗಿಯ ಮಾವ, ಊಟದ ಹೊತ್ತಿಗೆ ರೈಲಿಳಿದು ಬಂದರು. ನಾನು ಉಬ್ಬಿಕೊಂಡು ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಬಿಳಿಚಿತು. ನನ್ನನ್ನು ವರಾಂಡಕ್ಕೆ ಕರೆದು, ಹಲ್ಲು ಕಚ್ಚಿ ಕೇಳಿದರು: "ಕಲತಾಕಿ ಅದೀ, ಬುದ್ಧಿ ಎಲ್ಲಿ ಇಟ್ಟಿ? ಎಡಗೈಯಾಗ ಲಿಂಗ ಕೊಟ್ಟು ಮುಷ್ಟಿ ಕಟ್ಟೋದು ಯಾವಾಗ, ಗೊತ್ತಿಲ್ಲೇನು ನಿನಗ?"

ಗೊತ್ತಿತ್ತು. ನಮ್ಮಲ್ಲಿ ಸತ್ತವರನ್ನು ಮಣ್ಣಿಗಿಡುವಾಗ ಕೊರಳಿನ ಲಿಂಗ ತೆಗೆದು ಎಡ ಅಂಗೈಯಲ್ಲಿಡುತ್ತಾರೆ. ನನ್ನ ಅಪ್ಪನಿಗೆ ಇಟ್ಟಿದ್ದನ್ನು ನಾನೇ ನೋಡಿದ್ದೆ. ಅದು ನನ್ನ ತಲೆಗೆ ಬರದೇ ಹೋದದ್ದು ಹೇಗೆ? ಬೆಂಚಿನ ಮೇಲೆ ಕೂತುಬಿಟ್ಟೆ. ಜೀವಂತ ಇರುವ ಹೆಂಗಸಿಗೆ ಹೆಣದ ಶೃಂಗಾರ ಮಾಡಲು ನಾನೇ ದಾರಿ ಹೇಳಿಕೊಟ್ಟಿದ್ದೆ. ನಾಳೆ ಏನಾದರೂ ಆದರೆ ಇಡೀ ಬಳಗ ನನ್ನ ಹೆಸರು ಹಿಡಿದು ಮಾತಾಡುತ್ತದೆ. ಅದಿರಲಿ, ನನ್ನನ್ನು ನಾನೇ ಕ್ಷಮಿಸಿಕೊಳ್ಳುವುದಿಲ್ಲ.

ಒಳಗಿನಿಂದ ಅತ್ತೆ ಕೂಗಿದರು. ಗುಂಡಿಗೆ ಕೆಟ್ಟಿದ್ದರೂ ಕಿವಿ ನೆಟ್ಟಗಿದ್ದವು. "ಇಬ್ಬರೂ ಒಳಗ ಬರ್ರಿ. ನನ್ನ ಸುದ್ದಿ ನನ್ನ ಬಿಟ್ಟು ಮಾತಾಡಬ್ಯಾಡ್ರಿ."

ಮಾವ ತಲೆ ತಗ್ಗಿಸಿ ನಿಂತರು. ಅತ್ತೆ ತಮ್ಮನ ಕೈ ಹಿಡಿದು ಮಂಚದ ಮೇಲೆ ಕೂಡಿಸಿಕೊಂಡರು. "ನನಗೂ ನಿನ್ನೆನೇ ನೆನಪಾಗಿದ್ರ ಚೊಲೋ ಇತ್ತು, ಇಷ್ಟು ಗದ್ದಲ ಇರ್ತಿರಲಿಲ್ಲ" ಎಂದು ನಕ್ಕರು. "ಹುಚ್ಚಪ್ಪಾ, ದಿನಾ ಮುಂಜಾನಿ ಪೂಜಾಕ್ಕ ಕೂಡುವಾಗ ಯಾವ ಕೈಯಾಗ ಹಿಡೀತೇನಿ? ಇದೇ ಕೈಯಾಗ. ಹೋಗುವಾಗ ಯಾವ ಕೈಯಾಗ ಇಡ್ತೀರಿ? ಇದೇ ಕೈಯಾಗ. ನಾಳಿ ನಾ ತಿರುಗಿ ಬಂದ್ರ ಪೂಜಾ ಆತು ಅನಕೋ. ಬರಲಿಲ್ಲಂದ್ರ ನಿಮಗ ಒಂದು ಕೆಲಸ ಉಳೀತು." ಆಮೇಲೆ ನನ್ನ ಕಡೆ ತಿರುಗಿ, "ನೀ ಅಳಬ್ಯಾಡ ಬೇ. ಚೊಲೋ ಹೇಳಿಕೊಟ್ಟಿದಿ" ಎಂದರು. ಟೀಚರ್ ಬಾಯಿ ಎನ್ನಲಿಲ್ಲ. ಅದಕ್ಕೇ ಇನ್ನಷ್ಟು ಅಳು ಬಂತು.

ಆಪರೇಶನ್ ದಿನ ಬೆಳಿಗ್ಗೆ ಎಂಟಕ್ಕೆ ಒಯ್ದರು. ತಳ್ಳುಗಾಡಿಯ ಮೇಲೆ ಮಲಗಿದ್ದ ಅತ್ತೆಯ ಎಡಗೈ ಬಿಳಿ ಪಟ್ಟಿಯಲ್ಲಿ ಉಂಡೆಯಾಗಿ ಕಾಣುತ್ತಿತ್ತು. ಖಾಲಿ ಕರಡಿಗೆ ನನ್ನ ಕೈಯಲ್ಲಿತ್ತು. ನಮ್ಮವರು ಗೋಡೆಗೆ ಒರಗಿ ನಿಂತರು. ಮಾವ ವಿಭೂತಿಗಟ್ಟಿ ಹಿಡಿದು ಬೆಂಚಿನ ಮೇಲೆ ಕೂತರು. ಹತ್ತಾಯಿತು, ಹನ್ನೆರಡಾಯಿತು. ಈಗ ನಿಲ್ಲಿಸಿರಬಹುದೇ, ಈಗ ಹೊಸ ಬಾಗಿಲು ಕೂಡಿಸುತ್ತಿರಬಹುದೇ ಎಂದು ನನ್ನೊಳಗೇ ನಡೆದಿತ್ತು. ಕರಡಿಗೆಯ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದೆ. ಮಾವ ಒಮ್ಮೆ ಗದರಿದರು, ಆಮೇಲೆ ಬಿಟ್ಟರು.

ಮೂರು ಗಂಟೆ ದಾಟಿದ ಮೇಲೆ ಸರ್ಜನ್ ಹೊರಗೆ ಬಂದರು. ಮುಖದ ಮೇಲೆ ಮಾಸ್ಕಿನ ದಾರದ ಗೆರೆ ಮೂಡಿತ್ತು. ಎದ್ದು ನಿಂತ ನಮ್ಮನ್ನು ಕೂಡಿಸಿ, ತಾವೂ ಅದೇ ಬೆಂಚಿನ ಮೇಲೆ ಕೂತರು. ಎರಡೂ ಆಗಿದೆ ಎಂದರು. ಗಂಟು ಕೆಟ್ಟದ್ದೇ ಇರುವಂತಿದೆ, ಆದರೆ ಇದ್ದಲ್ಲೇ ಇತ್ತು, ಆ ತುಂಡಿನ ಸಮೇತ ತೆಗೆದಿದ್ದೇವೆ. ರಕ್ತ ನಿಂತಿದೆ. ಗುಂಡಿಗೆ ಒಂದು ತಾಸಿಗಿಂತ ಹೆಚ್ಚು ಹೊತ್ತು ಸುಮ್ಮನಿತ್ತು. ಬೆಚ್ಚನೆಯ ರಕ್ತ ಬಿಟ್ಟ ಕೂಡಲೆ ಒಮ್ಮೆ ನಡುಗಿ, ತನ್ನಷ್ಟಕ್ಕೆ ತಾನೇ ಬಡಿಯತೊಡಗಿತು.

ತನ್ನಷ್ಟಕ್ಕೆ ತಾನೇ ಎಂದು ಹೇಳುವಾಗ ಅವರ ಮುಖದಲ್ಲಿ ನಾನು ಕಂಡ ಬೆರಗನ್ನು ಇವತ್ತಿಗೂ ಮರೆತಿಲ್ಲ. ನೂರಾರು ಸಲ ಅದನ್ನು ಕಂಡವರು ಅವರು. ಆದರೂ ಮೊದಲ ಸಲ ಕಂಡವರ ಹಾಗೆ ತಮ್ಮ ಕೈಗಳನ್ನೇ ನೋಡಿಕೊಂಡರು. ಆಮೇಲೆ ಯಾರೋ ತಂದ ಚಹಾದಲ್ಲಿ ಬಿಸ್ಕೀಟು ಅದ್ದಿ ತಿಂದರು. ನಾನು ಅವರ ಕಾಲಿಗೆ ಬಿದ್ದೆ. ಗಾಬರಿಯಾಗಿ ಕಾಲು ಹಿಂದಕ್ಕೆ ಎಳೆದುಕೊಂಡರು, ಚಹಾ ಚೆಲ್ಲಿತು.

ಮರುದಿನ ಒಬ್ಬರನ್ನು ಒಳಗೆ ಬಿಟ್ಟರು. ನಮ್ಮವರು, ನೀನೇ ಹೋಗು, ನನಗೆ ಆಗುವುದಿಲ್ಲ ಎಂದರು. ಅತ್ತೆಯ ಬಾಯಿಯಲ್ಲಿ ನಳಿಗೆ, ಮೈತುಂಬ ತಂತಿ. ಕಣ್ಣು ತೆರೆದಿತ್ತು. ನನ್ನನ್ನು ಕಂಡು ಪಟ್ಟಿ ಸುತ್ತಿದ ಎಡಗೈಯನ್ನು ಹಾಸಿಗೆಯಿಂದ ನಾಲ್ಕು ಬೆರಳಷ್ಟು ಎತ್ತಿದರು, ಇದೆ ಎನ್ನುವ ಹಾಗೆ. ಸಿಸ್ಟರ್ ಪಟ್ಟಿ ಬಿಚ್ಚಿದಾಗ ಅಂಗೈ ನಡುವೆ ಲಿಂಗದ ದುಂಡನೆಯ ಗುರುತು ಒತ್ತಿ ಮೂಡಿತ್ತು. ಒಂದು ತಾಸು ಗುಂಡಿಗೆ ನಿಂತ ಹೆಂಗಸಿನ ಕೈ ಅದು. ಬೆಚ್ಚಗಿತ್ತು. ಬಹಳ ಹೊತ್ತು ಹಿಡಿದುಕೊಂಡಿದ್ದೆ.

ಊರಿಗೆ ಬಂದ ಮೇಲೆ ಹೊಸದೊಂದು ಶುರುವಾಯಿತು. ಮಧ್ಯಾಹ್ನ ಮನೆ ಸದ್ದಿಲ್ಲದಿದ್ದಾಗ ಅತ್ತೆಯ ಪಕ್ಕ ಕೂತರೆ ಅವರ ಎದೆಯೊಳಗಿನ ಲೋಹದ ಕವಾಟ ಟಿಕ್ ಟಿಕ್ ಎನ್ನುವುದು ಕೇಳುತ್ತಿತ್ತು. ಸುದ್ದಿ ಹಬ್ಬಿ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಕಿವಿಯಿಟ್ಟು ಕೇಳಿಹೋದರು. ಗಾಣಗಾಪುರಕ್ಕೆ ಹೊರಟ ಗುರುತಿನವರೂ ಬಸ್ಸು ಇಳಿದು ಬಂದು ಕೇಳಿದರು. "ಮುದುಕಿ ಗಡಿಯಾರ ನುಂಗ್ಯಾಳ" ಎಂದು ನೆರೆಯಾಕೆ ಚಾಷ್ಟಿ ಮಾಡಿದರೆ ಅತ್ತೆ, "ಚಾವಿ ಕೊಡಾಕ ನಮ್ಮ ಸೊಸಿ ಅದಾಳ" ಎನ್ನುತ್ತಿದ್ದರು. ರಕ್ತ ತೆಳುವಾಗಿಡುವ ಗುಳಿಗೆ ದಿನಾ ನುಂಗಬೇಕು, ಸೊಪ್ಪು ಹೆಚ್ಚಾದರೆ ಅದು ನಾಟುವುದಿಲ್ಲ, ಅದಕ್ಕೆ ಸೊಪ್ಪು ಹಿತಮಿತ. ಪುಂಡಿಪಲ್ಯ ಕಡಿಮೆ ಮಾಡಿದ್ದಕ್ಕೆ ನನ್ನ ಮೇಲೆ ಕೊನೆಯವರೆಗೂ ಸಿಟ್ಟು ಇಟ್ಟುಕೊಂಡಿದ್ದರು. ಶಾಲೆಯಲ್ಲಿ ಹೃದಯದ ಪಾಠ ಬಂದಾಗ ನಾನು ಆ ವಾಕ್ಯದ ಹತ್ತಿರ ತಡವರಿಸಿ ನಿಲ್ಲುತ್ತಿದ್ದೆ. ಪುಸ್ತಕದಲ್ಲಿದ್ದದ್ದನ್ನು ಓದಿಸಿ, ಆಮೇಲೆ ಪುಸ್ತಕ ಮುಚ್ಚಿಸಿ ನಮ್ಮ ಅತ್ತೆಯ ಕಥೆ ಹೇಳುತ್ತಿದ್ದೆ.

ಏಳು ಮಳೆಗಾಲ ಆ ಸದ್ದು ನಮ್ಮ ಮನೆಯಲ್ಲಿತ್ತು. ಒಂದು ಸಂಜೆ ಶಾಲೆಯಿಂದ ಬಂದೆ. ಅತ್ತೆ ಪಡಸಾಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಚೀಲ ಕೆಳಗಿಡುವಾಗಲೇ ತಿಳಿಯಿತು. ಮನೆ ಅಷ್ಟು ಸುಮ್ಮನಿದ್ದದ್ದೇ ಇಲ್ಲ.

ಮರುದಿನ ಬೆಳಿಗ್ಗೆ ಬಳಗ ಕೂಡಿತು. ಮೈ ತೊಳೆದು, ವಿಭೂತಿ ಧರಿಸಿ, ಗೋಡೆಗೆ ಆನಿಸಿ ಕೂಡಿಸಿದ್ದರು. ಮಠದ ಅಯ್ಯನವರು ಕೊರಳಿನ ಕರಡಿಗೆ ಬಿಚ್ಚಿ, ಲಿಂಗ ಹೊರತೆಗೆದು, ಎಡ ಅಂಗೈಯನ್ನು ಬಿಡಿಸಿ ಇಟ್ಟರು. ಬೆರಳು ಮಡಿಚಲು ಹೋದಾಗ ನನಗೇ ತಿಳಿಯದಂತೆ, "ತಡೀರಿ" ಎಂದುಬಿಟ್ಟೆ.

ಎಲ್ಲರೂ ನನ್ನ ಕಡೆ ನೋಡಿದರು. ಹಿಂದಿನ ಸಲ ಈ ಕೈಯಲ್ಲಿ ಲಿಂಗವಿಟ್ಟಾಗಲೂ ಗುಂಡಿಗೆ ನಿಂತಿತ್ತು. ಒಂದು ತಾಸು ನಿಂತಿತ್ತು. ಮುಂದೆ ಹೋಗಿ ಬಗ್ಗಿ ಅತ್ತೆಯ ಎದೆಗೆ ಕಿವಿಯಿಟ್ಟೆ. ಮೈ ತಣ್ಣಗಿತ್ತು. ಯಾರೋ ಹಿಂದಿನಿಂದ, ಹುಚ್ಚು ಹಿಡೀತೇನು ಈಕಿಗಿ ಎಂದದ್ದು ಕೇಳಿಸಿತು. ನಾನು ತಲೆಯೆತ್ತಿದಾಗ ಜೇವರ್ಗಿಯ ಮಾವ ಅಯ್ಯನವರ ಕೈ ಹಿಡಿದು ನಿಲ್ಲಿಸಿದ್ದರು.

"ಇನ್ನೊಮ್ಮಿ ಕೇಳು ಯವ್ವಾ" ಎಂದರು. "ಚೊಲೋತ್ನಾಗಿ ಕೇಳು. ನಮಗೇನು ಅವಸರ ಇಲ್ಲ."

ನಾನು ಮತ್ತೆ ಕಿವಿಯಿಟ್ಟೆ.